ಫ್ರೀಜರ್‌ನ ಮಟನ್‌ಗೆ ವಯಸ್ಸಾಗುತ್ತಾ? ಒಂದು ಹಡಗು, ಒಂದು ಬೈಸನ್, ಒಂದು ಸುಳ್ಳು ಔತಣ

(ಈ ವಾರದ ಸಂಚಿಕೆಯ ಬರಹ ರೂಪ. ಕೇಳೋರು ಪ್ಲೇ ಬಟನ್ ಒತ್ತಿ. ಇಯರ್‌ಫೋನ್ ಮರೆತು ಬಂದೋರು ಓದ್ಕೊಳ್ಳಿ.)

ಈ ಸಲದ ಕಥೆ ನಮ್ಮ ಮನೆ ಫ್ರಿಜ್‌ನಿಂದ ಶುರುವಾಗುತ್ತೆ, ಅಲ್ಲಿಂದ ನ್ಯೂಜಿಲೆಂಡ್‌ವರೆಗೂ ಹೋಗುತ್ತೆ. ಜೊತೆಗಿರಿ.

ಹೊಸತೊಡಕು ಅಂದ್ರೆ ಗೊತ್ತಲ್ಲ, ಯುಗಾದಿಯ ಮಾರನೇ ದಿನ. ನಮ್ಮ ಮಂಡ್ಯ ಕಡೆ ಹಬ್ಬದ ದಿನ ಒಬ್ಬಟ್ಟು, ಮಾರನೇ ದಿನ ಬಾಡೂಟ. ಬೆಳಗಿನ ಜಾವಕ್ಕೇ ಮಟನ್ ಅಂಗಡಿ ಮುಂದೆ ಕ್ಯೂ ನಿಂತಿರುತ್ತೆ. ಈ ವರ್ಷ ಹಬ್ಬ ಮುಗಿಸಿ ಬೆಂಗಳೂರಿಗೆ ಹೊರಟಾಗ ಅಮ್ಮ ಒಂದು ಕೇಜಿ ಮಟನ್ ಕವರ್‌ಗೆ ಹಾಕಿ, ಅದರ ಮೇಲೆ ಇನ್ನೊಂದು ಕವರ್ ಸುತ್ತಿ ಬ್ಯಾಗಿಗೆ ಇಟ್ಟಿದ್ರು. ಬಂದವನೇ ಫ್ರೀಜರ್‌ಗೆ ತಳ್ಳಿದೆ. ಆಮೇಲೆ ಮರೆತೇಹೋಯ್ತು.

ಮೊನ್ನೆ ಗಣೇಶನ ಹಬ್ಬದ ಹಿಂದಿನ ವಾರ ಫ್ರೀಜರ್ ಕ್ಲೀನ್ ಮಾಡ್ತಾ ಇದ್ದಾಗ ಬಟಾಣಿ ಪ್ಯಾಕೆಟ್ ಹಿಂದೆ ಸಿಕ್ತು. ಲೆಕ್ಕ ಹಾಕಿದ್ರೆ ಐದು ತಿಂಗಳು. ರೂಮ್‌ಮೇಟ್ ಅಂದ, "ಲೋ, ಇದು ಮಟನ್ ಅಲ್ಲ, ಪಳೆಯುಳಿಕೆ. ಬಿಸಾಕು." ನನಗೆ ಹೊಟ್ಟೆ ಉರೀತು. ಕೇಜಿಗೆ ಏಳೆಂಟು ನೂರು ರೂಪಾಯಿ, ಅದಕ್ಕಿಂತ ಹೆಚ್ಚಾಗಿ ಅಮ್ಮ ಕ್ಯೂ ನಿಂತು ತಂದಿದ್ದು. "ಐಸ್ ಆಗಿರೋದು ಕೆಡಲ್ಲ ಮಗಾ" ಅಂತ ನಾನು. ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಓದೋಕೆ ಕೂತೆ. ಓದ್ತಾ ಓದ್ತಾ ಗೊತ್ತಾಯ್ತು, ಇದೇ ಪ್ರಶ್ನೆಗೆ 140 ವರ್ಷದ ಹಿಂದೆ ಒಬ್ಬ ಹಡಗಿನ ಕ್ಯಾಪ್ಟನ್ ಜೀವವನ್ನೇ ಪಣಕ್ಕಿಟ್ಟಿದ್ದ.

ಐಸ್ ಬೇರೆ, ಫ್ರೀಜಿಂಗ್ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಐಸ್‌ನಲ್ಲಿ ಇಡೋದೂ ಫ್ರೀಜ್ ಮಾಡೋದೂ ಒಂದೇ ಅಲ್ಲ.

1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ 'ಟಸ್ಕನಿ' ಅನ್ನೋ ಹಡಗು ಕಲ್ಕತ್ತಾಗೆ ಬಂತು. ಸರಕು ಏನು ಗೊತ್ತಾ? ಐಸ್. ಅಲ್ಲಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಕೊಯ್ದು ತೆಗೆದ ಮಂಜುಗಡ್ಡೆ. ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಸುಮಾರು 180 ಟನ್ ತುಂಬಿ ಕಳಿಸಿದ್ದ. ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ ಹೋಗಿಯೂ ಸುಮಾರು 100 ಟನ್ ಉಳಿದು ಬಂತು. ಮದರಾಸಿನ ಮರೀನಾ ಬೀಚ್ ಎದುರಿಗೆ ಈಗ ವಿವೇಕಾನಂದರ್ ಇಲ್ಲಂ ಅಂತ ಇದೆಯಲ್ಲ, ಆ ದುಂಡನೆಯ ಕಟ್ಟಡ ಆಗ ಇದೇ ಐಸ್ ಇಡೋ ಗೋದಾಮು. ಅದಕ್ಕೇ ಅದಕ್ಕೆ ಐಸ್ ಹೌಸ್ ಅನ್ನೋ ಹೆಸರು.

ಆದರೆ ಕರಗ್ತಾ ಇರೋ ಐಸ್ ಎಷ್ಟೇ ತಣ್ಣಗಿದ್ರೂ ಸೊನ್ನೆ ಡಿಗ್ರಿ. ಆ ತಂಪಿನಲ್ಲಿ ಮಾಂಸ ಕೆಡೋದು ನಿಧಾನ ಆಗುತ್ತೆ, ನಿಲ್ಲಲ್ಲ. ಪೂರ್ತಿ ನಿಲ್ಲಿಸಬೇಕು ಅಂದ್ರೆ ಸೊನ್ನೆಗಿಂತ ಬಹಳ ಕೆಳಗೆ ಇಳೀಬೇಕು. ಬಿಸಿಲಿನ ದೇಶಗಳನ್ನ ದಾಟಿ ಬರೋ ಹಡಗಿನಲ್ಲಿ ಅದನ್ನ ಮಾಡೋಕೆ ಯಂತ್ರವೇ ಬೇಕು.

ಕುರಿ ಜಾಸ್ತಿ, ತಿನ್ನೋರು ಕಮ್ಮಿ

ಈಗ ನ್ಯೂಜಿಲೆಂಡ್‌ಗೆ ಹೋಗೋಣ. 1880ರ ಸುಮಾರು. ಅಲ್ಲಿ ಕುರಿ ಸಾಕ್ತಾ ಇದ್ದಿದ್ದು ಉಣ್ಣೆಗೆ. ಉಣ್ಣೆ ಹಡಗಿನಲ್ಲಿ ತಿಂಗಳುಗಟ್ಟಲೆ ಹೋದ್ರೂ ಕೆಡಲ್ಲ. ಮಾಂಸದ ಕಥೆ ಹಾಗಲ್ಲ. ಅಲ್ಲಿ ಜನ ಕಮ್ಮಿ, ಕುರಿ ವಿಪರೀತ. ವಯಸ್ಸಾದ ಕುರಿಗಳನ್ನ ಕಡಿದು ಕುದಿಸಿ ಬರೀ ಕೊಬ್ಬು ತೆಗೆದು ಮೇಣದ ಬತ್ತಿಗೆ, ಸೋಪಿಗೆ ಕಳಿಸ್ತಿದ್ರು. ಇನ್ನೊಂದು ಕಡೆ ಇಂಗ್ಲೆಂಡ್‌ನಲ್ಲಿ ಕಾರ್ಖಾನೆ ಊರುಗಳು ಬೆಳೀತಾ ಇದ್ವು, ಜನಸಂಖ್ಯೆ ಏರ್ತಾ ಇತ್ತು, ಮಾಂಸ ದುಬಾರಿ. ನಾನು ಬಿ.ಕಾಂ. ಓದಿದೋನು, ನನಗೆ ಇದು ಸಪ್ಲೈ ಡಿಮ್ಯಾಂಡ್ ಪಾಠದ ಮೊದಲನೇ ಉದಾಹರಣೆ ಥರ ಕಾಣುತ್ತೆ. ಮಧ್ಯದಲ್ಲಿ ಇದ್ದಿದ್ದು ಅರ್ಧ ಭೂಮಿಯಷ್ಟು ಸಮುದ್ರ.

ಅಷ್ಟೊತ್ತಿಗೆ ಬೇರೆಯವರು ಪ್ರಯತ್ನ ಮಾಡಿದ್ರು. ಫ್ರಾನ್ಸ್‌ನ ಚಾರ್ಲ್ಸ್ ಟೆಲ್ಲಿಯೆ 1876ರಲ್ಲಿ 'ಫ್ರಿಗೊರಿಫಿಕ್' ಅನ್ನೋ ಹಡಗಿನಲ್ಲಿ ಮಾಂಸವನ್ನ ತಂಪಾಗಿಟ್ಟು ಅರ್ಜೆಂಟೀನಾಗೆ ಕಳಿಸಿದ. 1880ರ ಫೆಬ್ರವರಿಯಲ್ಲಿ 'ಸ್ಟ್ರಾತ್‌ಲೆವೆನ್' ಅನ್ನೋ ಹಡಗು ಆಸ್ಟ್ರೇಲಿಯಾದಿಂದ ಸುಮಾರು 40 ಟನ್ ಹೆಪ್ಪುಗಟ್ಟಿದ ಮಾಂಸ ತಂದು ಲಂಡನ್‌ಗೆ ಇಳಿಸಿತು. ಅದು ನ್ಯೂಜಿಲೆಂಡ್‌ನಲ್ಲಿ ಭೂಮಿ, ಕುರಿ ಇಟ್ಟುಕೊಂಡಿದ್ದ ಒಂದು ಸ್ಕಾಟಿಷ್ ಕಂಪನಿಯ ಮ್ಯಾನೇಜರ್ ವಿಲಿಯಂ ಡೇವಿಡ್‌ಸನ್ ಕಣ್ಣಿಗೆ ಬಿತ್ತು. ಆತ ನ್ಯೂಜಿಲೆಂಡ್‌ನಲ್ಲಿ ಕಂಪನಿಯ ಕೆಲಸ ನೋಡಿಕೊಳ್ತಿದ್ದ ಥಾಮಸ್ ಬ್ರೈಡನ್ ಜೊತೆ ಸೇರಿ 'ಡುನೆಡಿನ್' ಅನ್ನೋ ಹಾಯಿ ಹಡಗಿನಲ್ಲಿ ಶೀತಯಂತ್ರ ಕೂರಿಸೋ ಏರ್ಪಾಡು ಮಾಡಿದ.

ಯಂತ್ರದ ಹೆಸರು ಬೆಲ್-ಕೋಲ್ಮನ್. ಕೆಲಸ ಮಾಡೋ ರೀತಿ ಸರಳ. ಸೈಕಲ್‌ಗೆ ಗಾಳಿ ಹೊಡೆಯೋವಾಗ ಪಂಪ್ ಬಿಸಿ ಆಗೋದು ನೋಡಿದ್ದೀರಲ್ಲ? ಗಾಳಿಯನ್ನ ಒತ್ತಿದ್ರೆ ಬಿಸಿಯಾಗುತ್ತೆ. ಆ ಬಿಸಿಯನ್ನ ಸಮುದ್ರದ ನೀರಿನಿಂದ ತೆಗೆದು, ಆಮೇಲೆ ಗಾಳಿಯನ್ನ ಸಡಿಲ ಬಿಟ್ರೆ ಅದು ಕೊರೆಯೋಷ್ಟು ತಣ್ಣಗಾಗುತ್ತೆ. ಆ ಗಾಳಿಯನ್ನ ಕೊಳವೆಯಲ್ಲಿ ಹಡಗಿನ ಒಡಲಿಗೆ ಬಿಡೋದು. ಇದಕ್ಕೆ ಸ್ಟೀಮ್ ಇಂಜಿನ್ ಬೇಕು, ದಿನಕ್ಕೆ ಸುಮಾರು ಮೂರು ಟನ್ ಕಲ್ಲಿದ್ದಲು. ಬಟ್ಟೆಯ ಹಾಯಿ, ಮರದ ಕಂಬ ಇರೋ ಹಡಗಿನ ಮಧ್ಯೆ ಕಿಡಿ ಕಾರೋ ಹೊಗೆ ಕೊಳವೆ. ಯೋಚನೆ ಮಾಡಿ.

98 ದಿನ

1881ರ ಡಿಸೆಂಬರ್‌ನಲ್ಲಿ ಕುರಿ ತುಂಬೋಕೆ ಶುರು. ಕೆಲವೇ ದಿನದಲ್ಲಿ ಯಂತ್ರದ ಕ್ರ್ಯಾಂಕ್‌ಶಾಫ್ಟ್ ಮುರಿದುಬಿತ್ತು. ಇಲ್ಲಿ ಅವರು ಮಾಡಿದ್ದನ್ನ ಗಮನ ಇಟ್ಟು ಕೇಳಿ, ಕೊನೆಗೆ ನಮ್ಮ ಫ್ರಿಜ್‌ಗೆ ವಾಪಸ್ ಬಂದಾಗ ಇದು ಬೇಕಾಗುತ್ತೆ. ತುಂಬಿದ್ದ ಮಾಂಸವನ್ನ ಅವರು ಹಡಗಿನಲ್ಲೇ ಬಿಟ್ಟು ಯಂತ್ರ ರಿಪೇರಿ ಆದ ಮೇಲೆ ಮತ್ತೆ ಫ್ರೀಜ್ ಮಾಡಲಿಲ್ಲ. ಅಷ್ಟನ್ನೂ ಇಳಿಸಿ ಅಲ್ಲೇ ಊರಿನಲ್ಲಿ ಮಾರಿಬಿಟ್ರು. ರಿಪೇರಿ ಮುಗಿಸಿ, ಹೊಸ ಮಾಂಸದಿಂದ ಮತ್ತೆ ಮೊದಲಿಂದ ಶುರು ಮಾಡಿದ್ರು.

1882ರ ಫೆಬ್ರವರಿ 15ಕ್ಕೆ ಪೋರ್ಟ್ ಚಾಮರ್ಸ್ ಬಂದರಿನಿಂದ ಹಡಗು ಹೊರಟಿತು. ಒಳಗೆ 4,331 ಕುರಿ, 598 ಕುರಿಮರಿ, 22 ಹಂದಿ. ಜೊತೆಗೆ 250 ಪೀಪಾಯಿ ಬೆಣ್ಣೆ, 2,226 ಕುರಿ ನಾಲಿಗೆ, ಒಂದಷ್ಟು ಮೊಲ, ಕೋಳಿ.

ತಣ್ಣನೆಯ ಸಮುದ್ರದಲ್ಲಿ ಎಲ್ಲ ಚೆನ್ನಾಗಿತ್ತು. ಸಮಭಾಜಕ ವೃತ್ತದ ಹತ್ತಿರ ಬರ್ತಿದ್ದ ಹಾಗೆ ತೊಂದರೆ ಕಾಣಿಸ್ತು. ಹೊರಗೆ ಬಿಸಿಲು, ಒಳಗೆ ತಣ್ಣನೆ ಗಾಳಿ ಎಲ್ಲ ಮೂಲೆಗೂ ಸರಿಯಾಗಿ ಹೋಗ್ತಾ ಇಲ್ಲ. ಕ್ಯಾಪ್ಟನ್ ಜಾನ್ ವಿಟ್ಸನ್ ಏನು ಮಾಡಿದ ಅಂದ್ರೆ, ಗಾಳಿ ಕೊಳವೆಯ ಒಳಗೆ ತಾನೇ ತೆವಳಿಕೊಂಡು ಹೋಗಿ, ಗರಗಸದಿಂದ ಹೊಸ ತೂತು ಕೊರೆದ. ಕೊರೆದಾಯ್ತು, ವಾಪಸ್ ಬರೋಕೆ ಆಗಲಿಲ್ಲ. ಚಳಿಗೆ ಮೈ ಮರಗಟ್ಟಿ ಹೋಗಿತ್ತು. ಹಡಗಿನ ಮೇಟ್ ಹಿಂದಿನಿಂದ ತೆವಳಿ ಹೋಗಿ, ಕ್ಯಾಪ್ಟನ್ ಕಾಲಿಗೆ ಹಗ್ಗ ಕಟ್ಟಿ ಎಳೆದು ಆಚೆ ತಂದ. ಸ್ವಲ್ಪದರಲ್ಲಿ ಜೀವ ಉಳೀತು.

ಮೇ 24ಕ್ಕೆ ಲಂಡನ್ ತಲುಪಿದ್ರು. 98 ದಿನ. ಸುಮಾರು ಐದು ಸಾವಿರ ಪ್ರಾಣಿಗಳ ಮಾಂಸದಲ್ಲಿ ತಿನ್ನೋಕೆ ಆಗಲ್ಲ ಅಂತ ಬಿಸಾಕಿದ್ದು ಎಷ್ಟು ಗೊತ್ತಾ? ಒಂದೇ ಒಂದು.

ಆ ಒಂದು ಪ್ರಯಾಣ ನ್ಯೂಜಿಲೆಂಡ್‌ನ ಹಣೆಬರಹ ಬದಲಾಯಿಸ್ತು. ಉಣ್ಣೆ ಮಾರ್ತಿದ್ದ ದೇಶ ಮಾಂಸ, ಬೆಣ್ಣೆಯನ್ನೂ ಮಾರೋ ದೇಶ ಆಯ್ತು. ಡುನೆಡಿನ್ ಹಡಗು ಮಾತ್ರ 1890ರಲ್ಲಿ ಸಮುದ್ರದಲ್ಲೇ ಕಾಣೆಯಾಯ್ತು. ಅದರಲ್ಲಿದ್ದವರು ಯಾರೂ ವಾಪಸ್ ಬರಲಿಲ್ಲ.

ಸತ್ತಿಲ್ಲ, ಖಾತೆ ಫ್ರೀಜ್ ಆಗಿದೆ

ಸರಿ, ಐದು ಸಾವಿರದಲ್ಲಿ ಒಂದೇ ಕೆಟ್ಟಿದ್ದು ಹೇಗೆ? ಫ್ರೀಜ್ ಮಾಡಿದಾಗ ಮಾಂಸದೊಳಗೆ ಏನಾಗುತ್ತೆ?

ನಮ್ಮಲ್ಲಿ ಬಹಳ ಜನ ಚಳಿಗೆ ಬ್ಯಾಕ್ಟೀರಿಯಾ ಸಾಯುತ್ತೆ ಅಂದ್ಕೊಂಡಿದ್ದೀವಿ. ಅದು ತಪ್ಪು. ನನ್ನ ಭಾಷೆಯಲ್ಲಿ ಹೇಳ್ತೀನಿ. ಬ್ಯಾಂಕ್ ಅಕೌಂಟ್ ಫ್ರೀಜ್ ಆಗೋದಕ್ಕೂ ಕ್ಲೋಸ್ ಆಗೋದಕ್ಕೂ ವ್ಯತ್ಯಾಸ ಇದೆಯಲ್ಲ? ಫ್ರೀಜ್ ಆದ ಖಾತೆಯಲ್ಲಿ ವ್ಯವಹಾರ ನಿಂತಿರುತ್ತೆ, ಬ್ಯಾಲೆನ್ಸ್ ಹಾಗೇ ಇರುತ್ತೆ. ಬ್ಯಾಕ್ಟೀರಿಯಾದ ಕಥೆಯೂ ಅಷ್ಟೇ. ಮೈನಸ್ 18 ಡಿಗ್ರಿಯಲ್ಲಿ ಅದಕ್ಕೆ ಬೆಳೆಯೋಕೆ ಆಗಲ್ಲ, ಯಾಕಂದ್ರೆ ಬೇಕಾದ ನೀರೆಲ್ಲ ಐಸ್ ಆಗಿರುತ್ತೆ. ಕೆಲವು ಸಾಯುತ್ತವೆ, ಸಾಲ್ಮೊನೆಲ್ಲಾ ಥರದವು ಬಹಳಷ್ಟು ಬದುಕಿ ಕಾಯ್ತಾ ಇರುತ್ತವೆ. ಬಿಸಿ ತಾಗಿದ ತಕ್ಷಣ ಖಾತೆ ಓಪನ್, ವ್ಯವಹಾರ ಶುರು. ಫ್ರೀಜ್ ಮಾಡೋ ದಿನ ಎಷ್ಟಿತ್ತೋ ಅದೇ ಓಪನಿಂಗ್ ಬ್ಯಾಲೆನ್ಸ್. ಅರ್ಧ ದಿನ ಬಿಸಿಲಲ್ಲಿ ನೇತಾಡಿದ ಮಾಂಸ ತಂದು ಫ್ರೀಜರ್‌ಗೆ ಇಟ್ರೆ ಅದೇನೂ ಫ್ರೆಶ್ ಆಗಲ್ಲ.

ಈ ಮೈನಸ್ 18 ಎಲ್ಲಿಂದ ಬಂತು ಅಂತ ಕೇಳಬಹುದು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ದುಂಡನೆಯ ಸೊನ್ನೆ, ಅಷ್ಟೇ. ನಮ್ಮ ದೇಶದಲ್ಲೂ ಫ್ರೋಜನ್ ಆಹಾರಕ್ಕೆ ಇದೇ ಅಳತೆ.

ರುಚಿಯ ಕಥೆ ಬೇರೆ. ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನೋ ಅಮೆರಿಕದವನು 1912ರ ನಂತರ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದ. ಅಲ್ಲಿನ ಇನ್ಯುಇಟ್ ಜನ ಕಡುಚಳಿಯಲ್ಲಿ ಮೀನು ಹಿಡಿದು ಆಚೆ ತೆಗೆದ ಕೂಡಲೇ ಅದು ಕಲ್ಲಾಗ್ತಿತ್ತು. ತಿಂಗಳಾದ ಮೇಲೆ ಬೇಯಿಸಿದ್ರೂ ಹೊಸ ಮೀನಿನ ರುಚಿ. ಗುಟ್ಟು ವೇಗದಲ್ಲಿತ್ತು. ನಿಧಾನ ಫ್ರೀಜ್ ಆದ್ರೆ ದೊಡ್ಡ ದೊಡ್ಡ ಐಸ್ ಹರಳು ಮಾಂಸದ ಜೀವಕೋಶಗಳನ್ನ ಸೀಳುತ್ತೆ, ಕರಗಿದಾಗ ರಸ ಎಲ್ಲ ಸೋರಿ ಮಾಂಸ ನಾರಾಗುತ್ತೆ. ಬೇಗ ಆದ್ರೆ ಹರಳು ಚಿಕ್ಕದು, ಹಾನಿ ಕಮ್ಮಿ. ಇದನ್ನ ಯಂತ್ರಕ್ಕೆ ಇಳಿಸಿ ಕಂಪನಿ ಕಟ್ಟಿದ. 1929ರಲ್ಲಿ ಅದು 2.2 ಕೋಟಿ ಡಾಲರ್‌ಗೆ ಮಾರಾಟವಾಯ್ತು.

ಎಷ್ಟೇ ಚೆನ್ನಾಗಿ ಇಟ್ಟರೂ ಫ್ರೀಜರ್‌ನಲ್ಲಿ ಎರಡು ಕೆಲಸ ನಿಧಾನವಾಗಿ ನಡೀತಾನೇ ಇರುತ್ತೆ. ಒಂದು, ಕೊಬ್ಬು ಗಾಳಿ ಜೊತೆ ಸೇರಿ ಕಮಟು ವಾಸನೆ ಬರೋದು. ಎರಡು, ಮೇಲ್ಪದರದ ಐಸ್ ನೀರಾಗದೆ ನೇರವಾಗಿ ಆವಿಯಾಗಿ ಹೋಗೋದು. ಮಾಂಸದ ಮೇಲೆ ಬೂದಿ ಬಣ್ಣದ ಒಣ ಕಲೆ ಕಾಣುತ್ತಲ್ಲ, ಫ್ರೀಜರ್ ಬರ್ನ್ ಅಂತಾರೆ, ಅದು ಇದೇ. ಅದು ರುಚಿಗೆ ಪೆಟ್ಟು, ಹೊಟ್ಟೆಗೆ ಅಲ್ಲ. ಅಷ್ಟು ಭಾಗ ಕೊಯ್ದು ಎಸೆದ್ರೆ ಸಾಕು.

ಹಳೇ ಬೈಸನ್, ಹೊಸ ಸಾರು

ಹಾಗಾದ್ರೆ ಎಷ್ಟು ಹಳೆಯದು ತುಂಬಾ ಹಳೆಯದು? ಈ ಪ್ರಶ್ನೆಯನ್ನ ಕೊನೇ ತನಕ ಎಳೆದವರೂ ಇದ್ದಾರೆ.

1979ರಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಹತ್ತಿರ ಚಿನ್ನದ ಗಣಿಯವರಿಗೆ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಒಂದು ಹಿಮಯುಗದ ಬೈಸನ್ ಸಿಕ್ತು. ನಮ್ಮ ಕಾಡುಕೋಣದ ದೂರದ ನೆಂಟ ಅಂತ ಇಟ್ಕೊಳ್ಳಿ. ಮೈಮೇಲೆ ಒಂದು ಖನಿಜ ಕೂತು ನೀಲಿ ಬಣ್ಣ ಬಂದಿತ್ತು, ಹಾಗಾಗಿ 'ಬ್ಲೂ ಬೇಬ್' ಅಂತ ಹೆಸರಿಟ್ಟರು. ಆಗ ಅದರ ವಯಸ್ಸು 36,000 ವರ್ಷ ಅಂದ್ರು, ಆಮೇಲಿನ ಪರೀಕ್ಷೆಯಲ್ಲಿ 50,000 ದಾಟುತ್ತೆ ಅಂತ ಆಯ್ತು. ಅಧ್ಯಯನ ಮಾಡಿದ ವಿಜ್ಞಾನಿ ಡೇಲ್ ಗಥ್ರಿ 1984ರಲ್ಲಿ ಅದರ ಕತ್ತಿನ ಸಣ್ಣ ತುಂಡು ತಗೊಂಡು, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಹಾಕಿ ಬೇಯಿಸಿ ಸ್ನೇಹಿತರ ಜೊತೆ ತಿಂದ. ಮಣ್ಣಿನ ವಾಸನೆ ಇತ್ತು, ಸ್ವಲ್ಪ ಗಟ್ಟಿ ಇತ್ತು. ಯಾರಿಗೂ ಏನೂ ಆಗಲಿಲ್ಲ.

ಇದನ್ನ ಕೇಳಿ ಯಾರೂ ಹೀರೋ ಆಗೋಕೆ ಹೋಗಬೇಡಿ. ಅವರು ಪ್ರಾಣಿಯನ್ನ ಕೂಲಂಕಷವಾಗಿ ನೋಡಿದ್ದರು, ಎಲ್ಲಿ ಕೊಳೆತಿದೆ, ಎಲ್ಲಿ ಇಲ್ಲ ಅಂತ ತಿಳಿದಿದ್ದರು. ಮಾಂಸ ಕೆಡದೆ ಉಳಿದಿದ್ದೇ ಅದು ಸತ್ತ ಮೇಲೆ ಬೇಗ ಹೆಪ್ಪುಗಟ್ಟಿ, ಸಾವಿರಾರು ವರ್ಷ ಕರಗದೇ ಇದ್ದಿದ್ದರಿಂದ.

ಇನ್ನೊಂದು ಊಟದ ಕಥೆ ಕೇಳಿ. 1951ರ ಜನವರಿ, ನ್ಯೂಯಾರ್ಕ್‌ನ ರೂಸ್ವೆಲ್ಟ್ ಹೋಟೆಲ್. ಎಕ್ಸ್‌ಪ್ಲೋರರ್ಸ್ ಕ್ಲಬ್ ಅನ್ನೋ ಸಾಹಸಿಗಳ ಸಂಘದ ವಾರ್ಷಿಕ ಔತಣ. ಅಲಾಸ್ಕಾದ ಹಿಮದಲ್ಲಿ ಸಿಕ್ಕ ಪ್ರಾಗೈತಿಹಾಸಿಕ ಪ್ರಾಣಿಯ ಮಾಂಸ ಬಡಿಸಿದ್ರು ಅಂತ ಸುದ್ದಿಯಾಯ್ತು. ಮ್ಯಾಮತ್ ಅಂತ ಪತ್ರಿಕೆಯಲ್ಲಿ ಬಂತು. ಊಟಕ್ಕೆ ಬರೋಕಾಗದ ಒಬ್ಬ ಸದಸ್ಯ ತನ್ನ ಪಾಲಿನ ತುಂಡು ತರಿಸಿಕೊಂಡು, ತಿನ್ನದೆ ಸೀಸೆಯಲ್ಲಿಟ್ಟು ಮ್ಯೂಸಿಯಂ ಸೇರಿಸಿದ. ಸೀಸೆ ಮೇಲಿನ ಚೀಟಿಯಲ್ಲಿ ಮ್ಯಾಮತ್ ಅಲ್ಲ, ದೈತ್ಯ ನೆಲ ಸ್ಲಾತ್ ಅನ್ನೋ ಬೇರೆ ಪ್ರಾಣಿಯ ಹೆಸರು! ಕೊನೆಗೆ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅದರ ಡಿಎನ್‌ಎ ತೆಗೆದು 2016ರಲ್ಲಿ ಫಲಿತಾಂಶ ಹೇಳಿದ್ರು. ಮ್ಯಾಮತ್ತೂ ಅಲ್ಲ, ಸ್ಲಾತೂ ಅಲ್ಲ. ಹಸಿರು ಕಡಲಾಮೆ. 65 ವರ್ಷ ನಡೆದ ದಂತಕಥೆ ಆಮೆ ಮಾಂಸ ಆಗಿತ್ತು.

ನಗು ಬರುತ್ತೆ. ಆದರೆ ನಮ್ಮ ಫ್ರೀಜರ್‌ಗಳಲ್ಲೂ ಇದೇ ಸಮಸ್ಯೆ ತಾನೇ? ಕವರ್ ಒಳಗೆ ಇರೋದು ಏನು, ಯಾವತ್ತಿನದು ಅಂತ ಯಾರಿಗೂ ಗೊತ್ತಿರಲ್ಲ. ಹೇಳಿದೋರ ಮಾತು ನಂಬಿಕೊಂಡು ತಿನ್ನೋದು.

ಹಾಗಾದ್ರೆ ತಿನ್ನಬಹುದಾ?

ಈಗ ನೇರ ಉತ್ತರ. ಅಮೆರಿಕದ ಕೃಷಿ ಇಲಾಖೆಯ ಸಲಹೆ ಪ್ರಕಾರ, ಮೈನಸ್ 18ರಲ್ಲಿ ಒಂದೇ ಸಮ ಇದ್ದ ಮಾಂಸ ಎಷ್ಟು ದಿನವಾದರೂ ತಿನ್ನೋಕೆ ಸುರಕ್ಷಿತ. ಅವರು ಕೊಡೋ ಅವಧಿ ಬರೀ ರುಚಿಗೆ. ಹಸಿ ಮಾಂಸದ ತುಂಡು 4ರಿಂದ 12 ತಿಂಗಳು, ಕೈಮಾ 3ರಿಂದ 4 ತಿಂಗಳು, ಇಡೀ ಕೋಳಿ ಒಂದು ವರ್ಷ, ಕೋಳಿ ತುಂಡು 9 ತಿಂಗಳು, ಮಾಡಿಟ್ಟ ಸಾರು 2ರಿಂದ 3 ತಿಂಗಳು.

ಕೇಳಬೇಕಾದ ಪ್ರಶ್ನೆ "ಎಷ್ಟು ಹಳೇದು?" ಅಲ್ಲ. "ಮಧ್ಯದಲ್ಲಿ ಕರಗಿತ್ತಾ?" ಅನ್ನೋದು.

ಕರೆಂಟ್ ಹೋದಾಗ ಬಾಗಿಲು ತೆಗೆಯದೇ ಇದ್ರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದುಕೊಳ್ಳುತ್ತೆ, ಅರ್ಧ ತುಂಬಿದ್ದು 24 ಗಂಟೆ. ಒಳಗೆ ಇನ್ನೂ ಐಸ್ ಹರಳು ಇದ್ರೆ ಮತ್ತೆ ಫ್ರೀಜ್ ಮಾಡಬಹುದು. ಪೂರ್ತಿ ಕರಗಿ, 4 ಡಿಗ್ರಿಗಿಂತ ಮೇಲೆ ಎರಡು ಗಂಟೆಗಿಂತ ಹೆಚ್ಚು ಇದ್ರೆ ಎಸೀಬೇಕು. ಹೊರಗೆ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ರಾಯಚೂರು, ಕಲಬುರಗಿ ಬೇಸಿಗೆಯವರು ಇದನ್ನ ನೆನಪಿಡಿ.

"ಚೆನ್ನಾಗಿ ಬೇಯಿಸಿದ್ರೆ ಆಯ್ತಲ್ಲ" ಅಂತೀರಾ? ಬೇಯಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ನಿಜ. ಆದರೆ ಸ್ಟೆಫೈಲೋಕಾಕಸ್ ಥರದ ಬ್ಯಾಕ್ಟೀರಿಯಾ ಬೆಳೆಯೋವಾಗ ಬಿಟ್ಟುಹೋಗೋ ವಿಷ ಕುದಿಸಿದ್ರೂ ಹೋಗಲ್ಲ. ಮೂಸಿ ನೋಡಿದ್ರೆ ಗೊತ್ತಾಗುತ್ತೆ ಅನ್ನೋದೂ ನಂಬೋ ಮಾತಲ್ಲ. ಕಾಯಿಲೆ ತರೋ ಬ್ಯಾಕ್ಟೀರಿಯಾ ಎಷ್ಟೋ ಸಲ ವಾಸನೆ ಬರಿಸಲ್ಲ.

ಕರಗಿಸೋದು ಕೂಡ ಅಡುಗೆಕಟ್ಟೆ ಮೇಲೆ ಅಲ್ಲ, ಫ್ರಿಜ್‌ನ ಕೆಳಗಿನ ಭಾಗದಲ್ಲಿ, ಹಿಂದಿನ ರಾತ್ರಿಯೇ ಇಟ್ಟು. ಹೊರಗಿಟ್ರೆ ಒಳಗೆ ಕಲ್ಲಾಗಿರೋವಾಗಲೇ ಮೇಲ್ಭಾಗ ಬೆಚ್ಚಗಾಗಿ ಬ್ಯಾಕ್ಟೀರಿಯಾ ಶುರು ಹಚ್ಕೊಳ್ಳುತ್ತೆ. ಇನ್ನೊಂದು, ಹಳೇ ಸಿಂಗಲ್ ಡೋರ್ ಫ್ರಿಜ್‌ಗಳ ಒಳಗಿನ ಪುಟ್ಟ ಐಸ್ ಬಾಕ್ಸ್ ಎಷ್ಟೋ ಸಲ ಮೈನಸ್ 18 ತಲುಪೋದೇ ಇಲ್ಲ. ಅದರಲ್ಲಿ ತಿಂಗಳುಗಟ್ಟಲೆ ಇಡೋ ಆಸೆ ಬಿಡಿ.

ಒಂದು ಸುಲಭ ಉಪಾಯ: ಒಂದು ಲೋಟದಲ್ಲಿ ನೀರು ಫ್ರೀಜ್ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಊರಿಂದ ಬಂದಾಗ ನಾಣ್ಯ ಮೇಲೇ ಇದ್ರೆ ಐಸ್ ಕರಗಿಲ್ಲ ಅಂತ. ತಳಕ್ಕೆ ಹೋಗಿದ್ರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ.

ಕೊನೆಗೆ ನಮ್ಮ ಮಟನ್

ಐದು ತಿಂಗಳು ಅನ್ನೋ ಲೆಕ್ಕದಲ್ಲಿ ನಾನು ಗೆದ್ದೆ. ರೂಮ್‌ಮೇಟ್ ಒಪ್ಪಿಕೊಂಡ. ಆಮೇಲೆ ಪ್ಯಾಕೆಟ್ ತಿರುಗಿಸಿ ನೋಡಿದ್ವಿ. ರಕ್ತದ ನೀರೆಲ್ಲ ಕವರಿನ ಒಂದು ಮೂಲೆಗೆ ಹರಿದು, ಅಲ್ಲೇ ಚಪ್ಪಟೆಯಾಗಿ ಕೆಂಪು ಐಸ್ ಆಗಿ ಕೂತಿತ್ತು. ಪಕ್ಕದಲ್ಲಿದ್ದ ಐಸ್‌ಕ್ರೀಮ್ ಡಬ್ಬದಲ್ಲಿ ಐಸ್‌ಕ್ರೀಮ್ ಅರ್ಧಕ್ಕೆ ಕುಸಿದು ಗಾಜಿನ ಥರ ಗಟ್ಟಿಯಾಗಿತ್ತು. ಆಗ ನೆನಪಾಯ್ತು. ಜುಲೈನಲ್ಲಿ ಇಬ್ಬರೂ ಊರಿಗೆ ಹೋಗಿದ್ದಾಗ ಏರಿಯಾದ ಟ್ರಾನ್ಸ್‌ಫಾರ್ಮರ್ ಸುಟ್ಟು ಒಂದೂವರೆ ದಿನ ಕರೆಂಟ್ ಇರಲಿಲ್ಲ ಅಂತ ಕೆಳಗಿನ ಮನೆ ಆಂಟಿ ಹೇಳಿದ್ರು. ನಮ್ಮದು ಅರ್ಧ ಖಾಲಿ ಫ್ರೀಜರ್.

ಡುನೆಡಿನ್‌ನವರು ಕ್ರ್ಯಾಂಕ್‌ಶಾಫ್ಟ್ ಮುರಿದ ದಿನವೇ ಗೊತ್ತಾಗಿದ್ದರಿಂದ ಮಾಂಸವನ್ನ ಅಲ್ಲೇ ಮಾರೋಕಾಯ್ತು. ನಮಗೆ ಗೊತ್ತಾಗಿದ್ದು ಒಂದೂವರೆ ತಿಂಗಳ ಮೇಲೆ. ಬಿಸಾಕಿದೆ. ಆ ಕವರ್ ಕಸದವರಿಗೆ ಕೊಡೋವಾಗ ನಿಜವಾಗಲೂ ಬೇಜಾರಾಯ್ತು.

ಅಮ್ಮಂಗೆ ಫೋನ್ ಮಾಡಿ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕೇಜಿ ಒಟ್ಟಿಗೆ ಕಟ್ಟಿಕೊಟ್ಟಿದ್ದು ನಂದೇ ತಪ್ಪು ಕಣಪ್ಪ. ಮುಂದಿನ ಸಲ ಕಾಲು ಕಾಲು ಕೇಜಿ ಮಾಡಿ ಕೊಡ್ತೀನಿ. ತಾರೀಖು ನೀನೇ ಬರ್ಕೊ" ಅಂದ್ರು.

ಈಗ ಫ್ರಿಜ್ ಮೇಲೆ ಒಂದು ಮಾರ್ಕರ್ ಇದೆ, ಒಳಗೆ ಲೋಟದ ಐಸ್ ಮೇಲೆ ಒಂದು ರೂಪಾಯಿ ನಾಣ್ಯ ಇದೆ. ನಿಮ್ಮ ಮನೆ ಫ್ರೀಜರ್‌ನ ಹಿಂದಿನ ಮೂಲೆಯಲ್ಲಿ ಏನಿದೆ ಅಂತ ಇವತ್ತೇ ಒಂದ್ಸಲ ನೋಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.